ನಲವತ್ತೆರಡು ಸೊಂಟದ ಅಳಿಯ

ಹಿಂದೆ ಋಷಿಗಳು ಕಣ್ಣು ಮುಚ್ಚಿ ಲೋಕವನ್ನೆಲ್ಲ ಕಾಣುತ್ತಿದ್ದರಂತೆ. ನಮ್ಮ ಬೀದಿಯ ಟೈಲರಮ್ಮನಿಗೆ ಅಷ್ಟು ಶ್ರಮ ಬೇಕಿಲ್ಲ, ಒಂದು ಟೇಪು ಸಾಕು. ಎಪ್ಪತ್ತೊಂದರ ಈ ಮಹಾತಾಯಿ ಬಂದ ಗಿರಾಕಿಯ ಸೊಂಟಕ್ಕೆ ಟೇಪು ಸುತ್ತುತ್ತಾಳೆ, ಸೀಮೆಸುಣ್ಣ ಹುಡುಕುವವಳಂತೆ ಮೇಜಿನ ಖಾನೆಯೊಳಗೆ ಇಣುಕುತ್ತಾಳೆ, ಅವನ ಹೆಸರು, ಮನೆ, ಹೋದ ವರ್ಷದ ಕೋಟಿನ ಬಣ್ಣ ಎಲ್ಲ ಹೇಳಿಬಿಡುತ್ತಾಳೆ. ಇನ್ನೊಂದು ಸುತ್ತು ಬಿಗಿದರೆ ಹಿಂದಿನ ಜನ್ಮವೂ ಹೊರಬೀಳುತ್ತದೆಂದು ಬೀದಿಯಲ್ಲಿ ಪ್ರತೀತಿ.

ಈ ಕೀರ್ತಿಯನ್ನು ಸಹಿಸದವನು ಅವಳ ಅಳಿಯ. ವೃತ್ತಿಯಲ್ಲಿ ಇನ್ಶೂರೆನ್ಸ್ ಏಜೆಂಟ್, ಉಳಿದ ಹೊತ್ತಿನಲ್ಲಿ ಮೊಬೈಲ್ ನೋಡಿಯೇ ಪಾಸಾದ ನರರೋಗ ತಜ್ಞ. ಹೋದ ತಿಂಗಳು ಟೈಲರಮ್ಮ ವಕೀಲರೊಬ್ಬರ ಕೋಟಿಗೆ ಎರಡೂ ಎಡತೋಳುಗಳನ್ನೇ ಹೊಲಿದಿದ್ದಳು. 'ಮರೆವು ಸ್ವಲ್ಪ ಶುರುವಾಗಿದೆ, ಆದರೆ ಕೆಲಸ ಬಿಡಿಸಬೇಡಿ' ಎಂದರು ನಿಜವಾದ ಡಾಕ್ಟರು. ಅಂದಿನಿಂದ ಅವಳು ಕತ್ತರಿ ಹಿಡಿಯುವ ಮೊದಲೇ ಬಟ್ಟೆಯ ಮೇಲೆ ಎಡ, ಬಲ ಎಂದು ಬರೆಯತೊಡಗಿದಳು. ಅಳಿಯ ಮಹಾಶಯನ ಕಿವಿಗೆ ಮಾತ್ರ ಡಾಕ್ಟರ ಮಾತಿನ ಮೊದಲರ್ಧವಷ್ಟೇ ಬಿದ್ದಿತ್ತು.

ಭಾನುವಾರ ಹೆಂಡತಿಯೊಡನೆ ಅಂಗಡಿಗೆ ಬಂದವನೇ ಗೋಡೆಯ ಮೊಳೆಯಲ್ಲಿದ್ದ ಬೀಗದಕೈಯನ್ನು ಜೇಬಿಗಿಳಿಸಿದ.

"ಅತ್ತೆ, ಒಂದು ಸಣ್ಣ ಪರೀಕ್ಷೆ. ನನ್ನ ಹೆಸರು ಹೇಳಿ. ಹೇಳಿದ್ರೆ ಅಂಗಡಿ ನಿಮ್ದು. ಇಲ್ಲಾಂದ್ರೆ ಮನೇಲಿ ಆರಾಮಾಗಿರಿ."

"ಆರಾಮಾಗಿ ಏನ್ಮಾಡ್ಲಿ?"

"ಟೀವಿ ನೋಡಿ."

"ಅಳಿಯ ಅನ್ನೋದು ಗೊತ್ತು, ಅದಕ್ಕೇ ಇಷ್ಟು ಹೊತ್ತು ಸುಮ್ನಿದೀನಿ," ಎಂದಳು. ಹೆಸರು ಮಾತ್ರ ನಾಲಿಗೆಯ ಹತ್ತಿರಕ್ಕೂ ಸುಳಿಯಲಿಲ್ಲ. ಎದ್ದು ಟೇಪು ಸುತ್ತಿದಳು. ವೀರಾಧಿವೀರ ಹೊಟ್ಟೆಯನ್ನು ಬೆನ್ನಿಗಂಟುವಷ್ಟು ಒಳಗೆಳೆದ.

"ಉಸಿರು ಬಿಡಪ್ಪ."

ಬಿಡಲಿಲ್ಲ. ಅವಳು ಕಾದಳು. ಮುಖ ಕೆಂಪೇರಿತು, ಕಿವಿ ಕೆಂಪೇರಿತು, ಕೊನೆಗೆ ಹೊಟ್ಟೆ ತನ್ನ ಪೂರ್ಣ ವೈಭವದೊಡನೆ ಮುಂದಕ್ಕೆ ಬಂತು. ಟೈಲರಮ್ಮ ಖಾನೆಯೊಳಗೆ ಇಣುಕಿದಳು.

"ಸೊಂಟ ನಲವತ್ತೆರಡು. ಮೂವತ್ತೆಂಟು ಅಂತಾನೆ, ನಂಬಬಾರದು."

ಆಮೇಲೆ ಅವನ ಹೆಸರನ್ನು ಇನಿಷಿಯಲ್ ಸಮೇತ ಹೇಳಿದಳು.

ಮಗಳು ನಗು ತಡೆದುಕೊಂಡೇ ಗಂಡನ ಜೇಬಿನಿಂದ ಬೀಗದಕೈ ತೆಗೆದು ಮೊಳೆಗೆ ತೂಗುಹಾಕಿದಳು.

"ಅಮ್ಮ, ಇಷ್ಟೆಲ್ಲ ಹೇಗೆ ನೆನಪಿರುತ್ತೆ ನಿಂಗೆ?"

"ಎಲ್ಲಿರುತ್ತೆ ಕಣೇ. ಸೊಂಟದ ನಂಬರ್ ಪ್ರಕಾರ ಖಾನೇಲಿರೋ ಪುಸ್ತಕದಲ್ಲಿ ಬರೆದಿಟ್ಕೊಂಡಿದೀನಿ. ಸ್ವಲ್ಪ ಪಕ್ಕಕ್ಕೆ ಸರಿ, ಬೆಳಕಿಗೆ ಅಡ್ಡ ನಿಂತಿದೀಯ."