ಗ್ರೂಪ್ ಥಿಯರಿ ಮೇಷ್ಟ್ರು ಹೊಲಿಸಿದ ಬ್ಲೌಸು

ಹೋದ ಭಾನುವಾರ ನನ್ನ ಹೆಂಡತಿಗೆ ಎರಡು ಎಡಗೈ ಬಂದವು.

ಗಾಬರಿಯಾಗಬೇಡಿ. ಕೈ ಎರಡೂ ದೇವರು ಕೊಟ್ಟ ಹಾಗೆಯೇ ಇದ್ದವು. ತಪ್ಪಿದ್ದು ಹೊಸ ಬ್ಲೌಸಿನಲ್ಲಿ. ಕನ್ನಡಿ ಮುಂದೆ ನಿಂತ ಸರಳಾ ಎಡಗೈ ಎತ್ತಿದಳು, ಬಂತು. ಬಲಗೈ ಎತ್ತಿದಳು, ಅರ್ಧಕ್ಕೇ ನಿಂತಿತು. ಭುಜದ ಮೇಲೆ ಬಟ್ಟೆ ಮುದ್ದೆಯಾಗಿತ್ತು, ಕಂಕುಳಲ್ಲಿ ಬಿಗಿದಿತ್ತು.

"ಏನ್ರೀ ಇದು! ಎರಡೂ ಎಡಗೈ ತೋಳೇ ಇಟ್ಟಿದಾರಲ್ರೀ ಟೈಲರ್ ಮಾಸ್ಟರು!"

ಪೇಪರ್ ಓದುತ್ತಿದ್ದ ನಾನು ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದೆ. ಕಾರಣ ಇತ್ತು.

ಒಂದು ಬ್ಲೌಸಿಗೆ ಇಷ್ಟು ರಾಮಾಯಣವೇ ಅನ್ನಬೇಡಿ. ಸರಳಾ ಹಲಸೂರಿನ ಶಾಲೆಯೊಂದರಲ್ಲಿ ಹೆಡ್‌ಮಿಸ್. ಈ ಶನಿವಾರ ಅವಳ ಸೆಂಡ್‌ಆಫ್. ಸೀರೆ ಹೊಸದು. ಬ್ಲೌಸ್ ಮಾತ್ರ ತೀರಿಕೊಂಡ ಅಮ್ಮನ ರೇಷ್ಮೆ ಸೀರೆಯಿಂದಲೇ ಆಗಬೇಕು. ಮಡಿಕೆ ಮಡಿಕೆಗೂ ಸೀಳಿದ್ದ ಆ ಸೀರೆಯಲ್ಲಿ ಗಟ್ಟಿಯಾಗಿ ಉಳಿದದ್ದು ಒಂದು ಬ್ಲೌಸಿನಷ್ಟು ಬಟ್ಟೆ, ಅದರಲ್ಲೂ ನಡುವೆ ಅಂಗೈ ಅಗಲದ ಹರಕು. "ಅಮ್ಮ ಹಾಕ್ತಿದ್ದ ಹಾಗೆ ಮೊಣಕೈವರೆಗೆ ತೋಳು ಬೇಕು ಅಂತ ಹೇಳಿ. ಇದು ಹಾಳಾದ್ರೆ ಇನ್ನಿಲ್ಲ" ಎಂದು ನನ್ನ ಕೈಗೆ ಕೊಟ್ಟು ಕಳಿಸಿದ್ದಳು.

ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಖಲೀಲ್ ಮಾಸ್ಟರ್ ಅಂಗಡಿ. ಮೂವತ್ತು ವರ್ಷದಿಂದ ಸರಳಾಳ ಬ್ಲೌಸೆಲ್ಲ ಅವರದೇ ಹೊಲಿಗೆ. ನಾನು ಬಟ್ಟೆ ಕೊಂಡೊಯ್ದದ್ದು ಶುಕ್ರವಾರ. ತೋಳಿನ ಅಳತೆಗೆ ಕತ್ತರಿಸಿದ ಖಾಕಿ ಕಾಗದವನ್ನು ಬಟ್ಟೆಯ ಮೇಲಿಟ್ಟು ಚಾಕಿನಿಂದ ಗೆರೆ ಎಳೆದರು. ಎರಡನೆಯ ತೋಳಿಗೆ ಅದೇ ಕಾಗದವನ್ನು ಮಗುಚಿಟ್ಟು ಎಳೆಯಹೊರಟರೆ ತುದಿ ಹರಕಿಗೆ ತಾಗಿತು.

"ಸಾರ್, ತೋಳು ಎರಡು ಇಂಚು ಕಮ್ಮಿ ಆಗುತ್ತೆ. ಏನೂ ಮಾಡಕ್ಕಾಗಲ್ಲ" ಎಂದು ಗಿಡ್ಡ ಗೆರೆ ಎಳೆದು, "ಅಂಗಡಿ ಸ್ವಲ್ಪ ನೋಡ್ಕೊಳ್ಳಿ, ನಮಾಜ್ ಮುಗಿಸ್ಕೊಂಡು ಬಂದ್ಬಿಡ್ತೀನಿ" ಎಂದು ಹೊರಟರು.

ನಾನು, ಬಟ್ಟೆ, ಚಾಕು, ಕಾಗದ. ಬೇರೆ ಯಾರೂ ಇಲ್ಲ. (ಚಾಕು ಅಂದರೆ ಬರೆಯುವ ಚಾಕು ಮಾರಾಯರೆ. ಆದರೂ ಆಗಿದ್ದು ಕೊಲೆಯೇ.)

ನಾನು ನಿವೃತ್ತ ಫಿಸಿಕ್ಸ್ ಮೇಷ್ಟ್ರು ಎಂಬುದು ಈ ಅಂಕಣ ಓದುವವರಿಗೆ ಗೊತ್ತು. (ಮರೆಯಲು ನಾನು ಬಿಟ್ಟಿಲ್ಲ.) ಎಂ.ಎಸ್ಸಿ. ಮಕ್ಕಳಿಗೆ ಗ್ರೂಪ್ ಥಿಯರಿ ಹೇಳಿಕೊಡುತ್ತಿದ್ದೆ. ಹಾಗೆಂದರೆ? ಒಂದು ವಸ್ತುವನ್ನು ಏನೇನು ಮಾಡಿದರೂ ಅದು ಮೊದಲಿನ ಹಾಗೆಯೇ ಕಾಣುತ್ತದೆ ಎಂದು ಲೆಕ್ಕ ಹಾಕುವುದು. ದುಂಡಗಿನ ದೋಸೆಯನ್ನು ಕಾವಲಿಯ ಮೇಲೆ ಎಷ್ಟು ತಿರುಗಿಸಿದರೂ ಅದೇ ದೋಸೆ. ಮಗುಚಿದರೆ? ಒಂದು ಕಡೆ ಕೆಂಪು, ಇನ್ನೊಂದು ಕಡೆ ಬಿಳಿ. ತಿರುಗಿಸುವುದೇ ಬೇರೆ, ಮಗುಚುವುದೇ ಬೇರೆ. ಇಷ್ಟೇನಾ ಅನ್ನಬೇಡಿ. ಉಪ್ಪಿನ ಹರಳಿನೊಳಗೆ ಕಣಗಳು ಹೇಗೆ ಸಾಲುಗಟ್ಟಿವೆ ಎಂಬುದಕ್ಕೂ ಇದೇ ಲೆಕ್ಕ. ಇದನ್ನು ಹಿಡಿದೇ ಭೌತವಿಜ್ಞಾನಿಗಳು "ಈ ಗುಂಪಿನಲ್ಲಿ ಒಂದು ಕಣ ಕಮ್ಮಿ ಇದೆ, ಹುಡುಕಿ" ಅಂದರು. ಹುಡುಕಿದರು. ಸಿಕ್ಕಿತು!

ಇಂಥ ವಿದ್ಯೆ ಕಲಿಸಿದವನಿಗೆ ಒಂದು ತೋಳು ಯಾವ ಲೆಕ್ಕ?

ಕಾಗದ ನೋಡಿದೆ. ನಡುವೆ ಮಡಚಿದ ಗೆರೆ. ಆಚೆ ಈಚೆ ಒಂದೇ ಥರ ಕಂಡಿತು. ಒಂದೇ ಥರ ಇದ್ದ ಮೇಲೆ ಮಗುಚುವುದೇಕೆ? ಮಗುಚದೆ ಹಾಗೆಯೇ ಪಕ್ಕಕ್ಕೆ ಸರಿಸಿಟ್ಟೆ. ತುದಿ ಹರಕಿನಿಂದ ಎರಡು ಬೆರಳು ದೂರ ಉಳಿಯಿತು! ತೋಳು ಮೊಣಕೈವರೆಗೂ ಬಂತು! ಮಾಸ್ಟರ ಗೆರೆಯನ್ನು ಕರ್ಚೀಫಿನಲ್ಲಿ ಒರೆಸಿ, ನನ್ನ ಗೆರೆ ಎಳೆದು, ಏನೂ ಅರಿಯದವನ ಹಾಗೆ ಕೂತೆ. ಬ್ಲೌಸ್ ಬಂದ ಮೇಲೆ ಗುಟ್ಟು ಹೇಳಿ ಹೆಂಡತಿಯಿಂದ ಶಹಬ್ಬಾಸ್‌ಗಿರಿ ತಗೊಳ್ಳುವ ಪ್ಲಾನು.

ಮಾಸ್ಟರ್ ಬರುವಷ್ಟರಲ್ಲಿ ಅಂಗಡಿಯಲ್ಲಿ ನಾಲ್ಕು ಗಿರಾಕಿಗಳು. "ಅರೆ, ಬಟ್ಟೆ ಸಾಕಾಗೋ ಹಂಗಿದೆಯಲ್ಲ! ಆಗ ಸರಿಯಾಗಿ ನೋಡ್ಲಿಲ್ಲ ಅನ್ಸುತ್ತೆ" ಎಂದು ಗಡಿಬಿಡಿಯಲ್ಲಿ ಗೆರೆ ಹಿಡಿದು ಕತ್ತರಿಸಿಬಿಟ್ಟರು.

ಹೀಗೆ ಎರಡು ಎಡಗೈ.

ಸೋಮವಾರ ಬ್ಲೌಸ್ ಹಿಡಿದು ಹೋದೆ. ಮಾಸ್ಟರ್ ಎರಡೂ ತೋಳು ಬಿಚ್ಚಿ ಒಂದರ ಮೇಲೊಂದು ಇಟ್ಟರು. ಅಚ್ಚುಕಟ್ಟಾಗಿ ಕೂತವು. ಅವರ ಮುಖ ಇಳಿದುಹೋಯಿತು.

"ತೋಬಾ ತೋಬಾ. ಭುಜದ ಹತ್ತಿರ ಮುಂದುಗಡೆ ತೋಳು ಜಾಸ್ತಿ ಕೊರೀಬೇಕು ಸಾರ್, ಹಿಂದುಗಡೆ ಕಮ್ಮಿ. ಮನುಷ್ಯನ ಕೈ ಮುಂದಕ್ಕೆ ಹೋಗೋದು ಸಾರ್. ಊಟಕ್ಕೆ, ಕೆಲಸಕ್ಕೆ, ಕೈ ಮುಗಿಯಕ್ಕೆ. ಅದಕ್ಕೇ ಕಾಗದ ಮಗುಚಿ ಇಡೋದು. ಕತ್ತರಿ ಹಿಡಿದಾಗಿಂದ ಇಂಥ ತಪ್ಪು ಮಾಡಿಲ್ಲ ನಾನು."

ಆಚೆ ಈಚೆ ಒಂದೇ ಅಂತ ನನಗೆ ಕಂಡಿದ್ದು ಒಂದೇ ಆಗಿರಲಿಲ್ಲ. ನಮ್ಮ ಫಿಸಿಕ್ಸಿನ ಘಟಾನುಘಟಿಗಳೂ ಇಲ್ಲೇ ಮುಗ್ಗರಿಸಿದ್ದರು. ಪ್ರಕೃತಿಗೆ ಎಡ ಬಲ ಎಂಬ ಭೇದವೇ ಇಲ್ಲ ಎಂದು ಬಹುಕಾಲ ನಂಬಿದ್ದರು. ಪ್ರಯೋಗ ಮಾಡಿ ನೋಡಿದರೆ, ಇದೆ! ನ್ಯೂಟ್ರಿನೊ ಎಂಬ ಕಣ ಇದುವರೆಗೆ ಕಂಡಿದ್ದೆಲ್ಲ ಎಡಗೈಯದೇ. ಆದರೆ ಅವರು ಒಪ್ಪಿಕೊಂಡು ಪುಸ್ತಕ ತಿದ್ದಿದರು. ನಾನು?

ಹೇಳಿಬಿಡೋಣ ಎಂದು ಬಾಯಿ ತೆರೆದೆ. ಬಾಯಿಂದ ಬಂದದ್ದು "ಚಾ ಬೇಡ ಮಾಸ್ಟರ್" ಎಂಬ ಮಾತು. ಎದ್ದು ಬಂದೆ.

ಮನೆಯಲ್ಲಿ ಸರಳಾ ಕುದಿಯುತ್ತಿದ್ದಳು. "ವಯಸ್ಸಾಯ್ತು ಅವರಿಗೆ. ಇನ್ಮೇಲೆ ಇಲ್ಲೇ ಇಂದಿರಾನಗರದಲ್ಲಿ ಯಾರಿಗಾದ್ರೂ ಕೊಡ್ತೀನಿ" ಅಂದಳು. ನಾನು ಹೂಂ ಅಂದೆ. ಹೌದು ಸ್ವಾಮಿ, ಹೂಂ ಅಂದೆ!

ಗುರುವಾರ ಸಂಜೆ ಅಂಗಡಿಗೆ ಹೋದರೆ ಬ್ಲೌಸ್ ಹ್ಯಾಂಗರಿನಲ್ಲಿ ನೇತಾಡುತ್ತಿತ್ತು. ಒಂದು ಎಡ, ಒಂದು ಬಲ. ಎರಡೂ ಮೊಣಕೈವರೆಗೆ!

"ಬಟ್ಟೆ ತಿರುವಿ ನೋಡ್ದೆ ಸಾರ್. ಒಳಗೂ ಹೊರಗೂ ಒಂದೇ ಮೈ. ಒಂದು ತೋಳು ಒಳಗಿನ ಮೈ ಹೊರಗೆ ಹಾಕ್ದೆ, ಬಲಗೈ ಆಯ್ತು. ಜರಿ ಅಂಚು ಮಾತ್ರ ಬಿಚ್ಚಿ ವಾಪಸ್ ಹೊಲಿದೆ."

ಎಡಗೈ ಗ್ಲೌಸನ್ನು ಒಳಹೊರಗು ಮಾಡಿದರೆ ಬಲಗೈಯದಾಗುತ್ತದೆ ಎಂದು ನಾನೇ ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವನು. ನನಗೆ ಹೊಳೆದಿರಲಿಲ್ಲ. ಖುಷಿಯಿಂದ ಕುಣಿಯುವಂತಾಯಿತು. ಆಗಲೇ ಒಬ್ಬ ಹೆಂಗಸು ಬಟ್ಟೆ ಹಿಡಿದು ಬಂದರು. ಮಾಸ್ಟರ್ ಕೈ ಮುಗಿದರು. "ಇಲ್ಲಕ್ಕ, ಪಕ್ಕದ ಅಂಗಡೀಲಿ ಕೊಡಿ. ನಾನು ಕಟಿಂಗ್ ಬಿಟ್ಟೆ."

ಮೇಜಿನ ಮೇಲೆ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

"ಕಣ್ಣಾಸ್ಪತ್ರೆಗೆ ಹೋಗಿದ್ದೆ ಸಾರ್. ಕಣ್ಣು ಸರಿಯಾಗಿದೆ ಅಂದ್ರು ಡಾಕ್ಟ್ರು. ಹಂಗಾದ್ರೆ ತಲೆನೇ ಕೆಟ್ಟಿರ್ಬೇಕು. ಟೀಚರಮ್ಮಂಗೆ ಮಾಫಿ ಕೇಳ್ದೆ ಅಂತ ಹೇಳಿ."

ಬ್ಲೌಸ್ ನನ್ನ ಕವರಿನಲ್ಲಿತ್ತು. ಹೆಂಡತಿಗೆ ಬೇಕಾದ ಹಾಗೆಯೇ ಆಗಿತ್ತು. ಸಾಕ್ಷಿ ಹೇಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಆಟೊ ಹತ್ತಿದ್ದರೆ ಮುಗಿದುಹೋಗುತ್ತಿತ್ತು. ನಿಜ ಹೇಳುತ್ತೇನೆ, ಅಂಗಡಿಯ ಮೆಟ್ಟಿಲು ಇಳಿದೂ ಇಳಿದೆ. ಆದರೆ ಆ ಹೆಂಗಸು ಪಕ್ಕದ ಅಂಗಡಿಯಲ್ಲಿ ಚೌಕಾಸಿ ಶುರು ಮಾಡಿದ್ದು ಕಿವಿಗೆ ಬಿತ್ತು. ನಾಚಿಕೆಯಾಯಿತು. ವಾಪಸ್ ಹತ್ತಿದೆ.

"ಮಾಸ್ಟರ್, ಆ ಗೆರೆ ನಿಮ್ಮದಲ್ಲ. ನಾನು ಎಳೆದಿದ್ದು."

ಕರ್ಚೀಫಿನಲ್ಲಿ ಒರೆಸಿದ್ದನ್ನೂ ಬಿಡದೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೀದಿಗೆ ತಲೆ ಹಾಕಿ, "ಅಕ್ಕಾ! ಬಟ್ಟೆ ಇಲ್ಲೇ ತನ್ನಿ!" ಎಂದು ಗಲ್ಲಿಯೇ ಬೆಚ್ಚುವಂತೆ ಕೂಗಿದರು. ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು.

"ಮೂರು ದಿನದಿಂದ ನಿದ್ದೆ ಮಾಡಿಲ್ಲ ಸಾರ್ ನಾನು. ಟೀಚರಮ್ಮಂಗೆ ಇದನ್ನ ನೀವೇ ಹೇಳ್ಬೇಕು. ನಾನು ಹೇಳಲ್ಲ."

ಹೇಳಿದೆ. ಬ್ಲೌಸ್ ಹಾಕಿಕೊಂಡು ಎರಡೂ ಕೈ ಎತ್ತಿ ಕನ್ನಡಿ ನೋಡುತ್ತಿದ್ದವಳು ಕೈ ಇಳಿಸಿದಳು. ಗೆರೆ ಎಳೆದದ್ದಕ್ಕೆ ಬೈಯಲಿಲ್ಲ. ಫೋನ್ ತೆಗೆದು ಮಾಸ್ಟರ್ ಹತ್ತಿರ ಮಾತಾಡಿದಳು, ಶನಿವಾರದ ಫಂಕ್ಷನ್ನಿಗೆ ಕರೆದಳು. ಆಮೇಲೆ ನನ್ನನ್ನು ನೋಡಿ ಕೇಳಿದಳು:

"ತಪ್ಪು ಮಾಡದೇ ಇರೋ ಮನುಷ್ಯ ಅಲ್ಲಿ ಕಣ್ಣಾಸ್ಪತ್ರೆ ಲೈನಲ್ಲಿ ನಿಂತಿರುವಾಗ, ಇಲ್ಲಿ ಮೂರು ದಿನ ನಿಮ್ಮ ಗಂಟಲಲ್ಲಿ ಅನ್ನ ಹೇಗ್ರೀ ಇಳೀತು?"

ಮತ್ತೆ ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದೆ. ನಿಮಗಾದರೂ ನಿಜ ಹೇಳುತ್ತೇನೆ: ಚೆನ್ನಾಗಿಯೇ ಇಳಿದಿತ್ತು.