ದ್ವೀಪಗಳ ನಡುವೆ ಒಂದು ನಲ್ಲಿ

ವಿಶ್ರಾಂತಿ ತೆಗೆದುಕೊಳ್ಳುವುದು ನನಗೆ ಬರುವುದಿಲ್ಲ. ಹತ್ತನೇ ತರಗತಿಯನ್ನೇ ಮೀಸೆ ಬಂದ ಮೇಲೆ, ತಿಪಟೂರಿನ ರಾತ್ರಿ ಶಾಲೆಯಲ್ಲಿ ಪಾಸು ಮಾಡಿದವನು ನಾನು. ಸುಮ್ಮನೆ ಕಾಲು ಚಾಚಿ ಕೂರುವುದನ್ನು ಅಲ್ಲಿ ಯಾರೂ ಕಲಿಸಲಿಲ್ಲ. ಇದನ್ನು ಕೂಡ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಟೈಪು ಮಾಡುತ್ತಾ ಬೆವರುತ್ತಿದ್ದೇನೆ.

ಆದರೆ ಆಫೀಸಿನಲ್ಲೂ, ದೆಹಲಿಯಲ್ಲಿ ನಾವಿರುವ ಜನಕಪುರಿಯ ಪಾರ್ಕಿನಲ್ಲೂ ಎಲ್ಲರದೂ ಒಂದೇ ಮಾತು: "ಇಷ್ಟು ರಜೆ ಕೂಡಿಹಾಕಿ ಏನು ಮಾಡ್ತೀರಿ? ಅಂಡಮಾನಿಗೆ ಹೋಗಿ ದೋಣಿಯಲ್ಲಿ ರಿಲ್ಯಾಕ್ಸ್ ಮಾಡಿ." ನನ್ನ ಹೆಂಡತಿ ಸರೋಜಳಿಗಂತೂ ಇದು ಮದುವೆಯಾದಾಗಿನಿಂದ ಇದ್ದ ಆಸೆ. ದೆಹಲಿಗೆ ಬಂದ ಮೇಲೆ ಪಾಪ, ಅವಳು ನೀರನ್ನು ಬಕೆಟಿನಲ್ಲಿ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ. ಹೊರಟೆವು. ರೈಲು, ದೇವಸ್ಥಾನ, ನೆಂಟರ ಮನೆ, ಹಡಗು ಎಂದು ವಾರಗಟ್ಟಲೆ ಸುತ್ತಿ, ಕೊನೆಗೆ ಹಸಿರು ದ್ವೀಪಗಳ ನಡುವೆ ಒಂದು ಪುಟ್ಟ ದೋಣಿಯಲ್ಲಿ ಕೂತೆವು.

ದೋಣಿಯ ಮೂಲೆಯಲ್ಲಿ ಕುಡಿಯುವ ನೀರಿನ ಡ್ರಮ್ಮು, ಅದಕ್ಕೊಂದು ನಲ್ಲಿ. ನಾನು ಲೋಟ ತುಂಬಿಕೊಂಡು ಬಂದು ಕೂತೆ. ದೋಣಿಯವನು ಹಿಂದಿನಿಂದ, "ಸಾಬ್, ನಲ್ ತೋ ಬಂದ್ ಕರೋ," ಎಂದ.

ಎದ್ದು ನಲ್ಲಿ ಮುಚ್ಚಿದೆ. ಅಷ್ಟರಲ್ಲಿ ಮನೆಯ ನಲ್ಲಿ ನೆನಪಾಯಿತು. ಹೊರಡುವ ದಿನ ಕೈ ತೊಳೆಯಲು ಅಡುಗೆಮನೆಯ ನಲ್ಲಿ ತಿರುಗಿಸಿದ್ದೆ. ನೀರಿರಲಿಲ್ಲ, ಸೊಯ್ ಎಂದು ಗಾಳಿ ಬಂತು. ಹೊರಗೆ ಆಟೋದವನು ಹಾರ್ನ್ ಒತ್ತಿದ, ನಾನು ಓಡಿದೆ. ನಲ್ಲಿ ಮುಚ್ಚಿದೆನೇ?

ನಮ್ಮಲ್ಲಿ ನೀರು ಬರುವುದು ಬೆಳಗಿನ ಜಾವ. ಸಿಂಕಿನ ಜಾಲರಿಗೆ ಚಹಾದ ಚರಟ ಸಿಕ್ಕಿಕೊಂಡು ನೀರು ನೆಲಕ್ಕೆ ಹರಿಯುವುದು ಮಾಮೂಲು. ಕೆಳಗಿನ ಮನೆಯ ಖನ್ನಾ ಸಾಹೇಬರು ಮಗಳ ಮದುವೆಗೆಂದು ಆಗ ತಾನೇ ಚಾವಣಿಗೆ ಬಣ್ಣ ಹೊಡೆಸಿದ್ದರು. ಅವರ ಹತ್ತಿರ ಇದ್ದದ್ದು ನಮ್ಮ ಲ್ಯಾಂಡ್‌ಲೈನ್ ನಂಬರ್ ಮಾತ್ರ. ನೀರಿನ ನಡುವೆ ನಿಂತು ಆ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿರುವುದು ನನಗೆ ಅಲ್ಲಿಂದಲೇ ಕೇಳಿಸಿತು. ಜೇಬಿನ ಮೊಬೈಲಿನಲ್ಲಿ ಸಿಗ್ನಲಿನ ಒಂದು ಕಡ್ಡಿಯೂ ಇಲ್ಲ. ಸಮುದ್ರವನ್ನೇ ಆಪೋಶನ ತೆಗೆದುಕೊಂಡ ಅಗಸ್ತ್ಯರು ದೊಡ್ಡವರು, ಒಪ್ಪುತ್ತೇನೆ. ಆದರೆ ಅವರಿಗೆ ಕೆಳಗಿನ ಮನೆಯವರು ಇರಲಿಲ್ಲ.

ಸರೋಜಳಿಗೆ ಹೇಳಲಿಲ್ಲ. ಇಷ್ಟು ವರ್ಷ ಕಾದು ಬಂದವಳ ಒಂದು ದಿನವನ್ನು ಏಕೆ ಹಾಳು ಮಾಡುವುದು?

"ರೀ, ನೋಡ್ರೀ, ತಳದಲ್ಲಿ ಮೀನು ಕಾಣ್ತಿದೆ," ಎಂದಳು.

"ಹೂಂ."

"ಎಷ್ಟು ನೀರು, ಅಲ್ವಾ?"

"ನೀರಿನ ಮಾತು ಬಿಡು ನೀನು."

ಅವಳು ನನ್ನ ಮುಖವನ್ನೇ ನೋಡಿದಳು. "ಇಷ್ಟ ಇಲ್ಲದಿದ್ರೆ ಯಾಕೆ ಕರ್ಕೊಂಡು ಬಂದ್ರಿ?" ಎಂದು ಆ ಕಡೆ ತಿರುಗಿ ಕೂತಳು. ಒಂದೊಂದೇ ದ್ವೀಪ ಹತ್ತಿರ ಬಂದು ಹಿಂದೆ ಸರಿಯಿತು. ಅವಳು ಒಂದನ್ನೂ ನನಗೆ ತೋರಿಸಲಿಲ್ಲ. ದೋಣಿಯವನು ಎಂಜಿನ್ ನಿಲ್ಲಿಸಿ, "ಆರಾಮ್ ಸೇ ಬೈಠಿಯೇ ಸಾಬ್," ಎಂದಾಗ ಅವನನ್ನು ನೀರಿಗೆ ತಳ್ಳಬೇಕೆನಿಸಿತು.

ದಡಕ್ಕೆ ಇಳಿದ ಮೇಲೆ ತಡೆಯಲಾರದೆ ಹೇಳಿಬಿಟ್ಟೆ.

"ಅಯ್ಯೋ, ಆ ನಲ್ಲೀನಾ? ನಾನೇ ಮುಚ್ಚಿದೆ. ವಾಲ್ವ್ ಕೂಡ ತಿರುಗಿಸಿ ಬಂದೆ. ನೀವು ಹೊರಗೆ ಆಟೋ ಭಯ್ಯಾ ಹತ್ರ ಜಗಳ ಆಡ್ತಿದ್ರಲ್ಲ, ಆವಾಗ."

"ಹೇಳಬಾರದಿತ್ತಾ?"

"ಮುಚ್ಚಿದ ನಲ್ಲಿ ವಿಷಯ ಯಾರಾದ್ರೂ ಹೇಳ್ತಾರೇನ್ರೀ? ತೆಗೆದಿಟ್ಟೋರು ಹೇಳಬೇಕು."

ಇನ್ನೊಮ್ಮೆ ಹೋಗೋಣವೆಂದರೆ ದೋಣಿಯವನು ಆಗಲೇ ಹಗ್ಗ ಕಟ್ಟಿಬಿಟ್ಟಿದ್ದ. ಮರುದಿನ ನಮ್ಮ ಹಡಗು.

ಈಗ ಮತ್ತೆ ಜನಕಪುರಿ. ಬೆಳಗಿನ ಜಾವ ನೀರು ಬಂದಾಗ ಬಕೆಟಿನ ಮುಂದೆ ಕಾಯುವುದು ನನ್ನ ಕೆಲಸ. ಮೊನ್ನೆ ನಿಂತಲ್ಲೇ ಕಣ್ಣು ಮುಚ್ಚಿದೆ. ತಿಳಿನೀರು, ತಳದಲ್ಲಿ ಮೀನು, ಮೆಲ್ಲಗೆ ಸರಿಯುವ ಹಸಿರು ದ್ವೀಪ. ಕಾಲಿಗೆ ತಣ್ಣಗೆ ಅಲೆ ತಾಗಿದಂತಾಯಿತು. ಬಕೆಟ್ ತುಂಬಿ ಹರಿಯುತ್ತಿತ್ತು.

ಸರೋಜ ಬಂದು ನಲ್ಲಿ ಮುಚ್ಚಿದಳು. "ಎಲ್ಲಿದ್ರಿ?"

"ದೋಣೀಲಿ."

ಒದ್ದೆ ನೆಲವನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ.

"ಅಂತೂ ಹತ್ತಿದ್ರಲ್ಲ," ಎಂದಳು.