ಖಂಡೇನವಮಿಯಂದು ಬಂದ್ ಮಾಡಿದ ಲಿಫ್ಟ್

ನಮ್ಮ ಕಟ್ಟಡದ ಲಿಫ್ಟಿನೊಳಗೆ ಗುಂಡಿಗಳ ಪಕ್ಕದಲ್ಲಿ ಒಂದು ಸಣ್ಣ ಕಪ್ಪು ಪೆಟ್ಟಿಗೆ ಇದೆ. ಅದರಲ್ಲಿ ಸದಾ ಒಂದು ಹಸಿರು ದೀಪ ಉರಿಯುತ್ತಿರುತ್ತದೆ. ಎದುರು ಕಾರ್ಡ್ ಹಿಡಿದರೆ ಪೀಂ ಎನ್ನುತ್ತದೆ, ಆಮೇಲೆ ಒತ್ತಿದ ಮಹಡಿಗೆ ಲಿಫ್ಟ್ ಹೊರಡುತ್ತದೆ. ಕಾರ್ಡ್ ಇಲ್ಲದವರು ಎಷ್ಟು ಒತ್ತಿದರೂ ಅಲುಗುವುದಿಲ್ಲ. ಕಂಡಕಂಡವರು ಮೇಲೆ ಬಂದು ಬೆಲ್ ಒತ್ತುವುದು ತಪ್ಪಲಿ ಎಂದು ಸೊಸೈಟಿಯವರು ಅದನ್ನು ಹಾಕಿಸಿದ್ದರು. ಎಂಟು ಮಹಡಿಗೆ ಅದೊಂದೇ ಲಿಫ್ಟ್. ನಮ್ಮದು ಎಂಟನೆಯ ಮಹಡಿ.

ಪೆಟ್ಟಿಗೆಯಂತೆ ಕಂಡರೂ ಅದೊಂದು ಪುಟ್ಟ ಕಂಪ್ಯೂಟರ್. ಅದಕ್ಕೂ ಒಂದು ಆಪರೇಟಿಂಗ್ ಸಿಸ್ಟಮ್ ಇರುತ್ತದೆ. ಅದನ್ನು ಮಾಡಿದ ಕಂಪನಿ ಕೆಲವು ವರ್ಷ ಅದರ ದೋಷಗಳನ್ನು ತಿದ್ದಿ ಕಳಿಸುತ್ತಿರುತ್ತದೆ, ಆಮೇಲೆ ಒಂದು ದಿನ ನಿಲ್ಲಿಸುತ್ತದೆ. ಸಪೋರ್ಟ್ ಮುಗಿಯಿತು ಎನ್ನುವುದು ಇದಕ್ಕೆ. ನನ್ನ ಅನ್ನವೂ ಇದೇ ಕಸುಬಿನಿಂದ ಬರುವುದು. ಧಾರವಾಡದಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಪುಣೆಗೆ ಬಂದವನು, ಕಾರ್ಖಾನೆಯ ಯಂತ್ರಗಳೊಳಗೆ ಕೂರುವ ಇಂಥ ಪೆಟ್ಟಿಗೆಗಳನ್ನೇ ಪರೀಕ್ಷಿಸುತ್ತಾ ಬಂದಿದ್ದೇನೆ. ಮೊಬೈಲ್ ಹಳತಾದರೆ ಜನ ಬದಲಿಸುತ್ತಾರೆ. ಗೋಡೆಯೊಳಗೆ ಕೂತದ್ದು ಹಳತಾಯಿತೆಂದು ಯಾರಿಗೂ ತಿಳಿಯುವುದೇ ಇಲ್ಲ. ಸಪೋರ್ಟ್ ಮುಗಿದ ದಿನ ಯಂತ್ರದಿಂದ ಯಾವ ಸದ್ದೂ ಬರುವುದಿಲ್ಲ, ಮರುದಿನವೂ ಅದೇ ಹಸಿರು ದೀಪ. ನನಗೆ ಹೆದರಿಕೆ ಇರುವುದು ಆ ಹಸಿರು ದೀಪದ ಬಗ್ಗೆಯೇ.

ಪೆಟ್ಟಿಗೆ ಮಾರಲು ಬಂದವನು ಸೊಸೈಟಿಯ ಸಭೆಯಲ್ಲಿ ಕೈ ಅಗಲಿಸಿ, "ಲೈಫ್‌ಟೈಮ್ ಸಪೋರ್ಟ್" ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಅವನ ಅಂಗಿಯ ಜೇಬಿನಲ್ಲಿ ಶಾಯಿ ಸೋರಿದ ಕಲೆ ಇತ್ತು. ಯಾರ ಆಯುಷ್ಯದ ಲೆಕ್ಕ ಅದು ಎಂದು ನಾನು ಕೇಳಿದೆ, ಅವನು ನಕ್ಕು ಮಾತು ತಿರುಗಿಸಿದ. ಇದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೆಂಡತಿ ಮಾತ್ರ ಒಪ್ಪುವುದಿಲ್ಲ.

"ನೀವು ಆವತ್ತ ಸಭಾದಾಗ ಇರಲೇ ಇಲ್ರಿ. ಭೋರ್ ಕಡೆ ಯಾವುದೋ ಕಾರ್ಖಾನಿಗೆ ಹೋಗಿದ್ರಿ. ನೀವು ಬಂದ ಮ್ಯಾಲೆ ನಾನ ಎಲ್ಲಾ ಹೇಳಿದ್ದು. ಶಾಯಿ ಕಲೀನೂ ನಾ ನೋಡಿದ್ದು."

ಹಾಗಿದ್ದರೆ ಆ ಕಲೆ ಕಣ್ಣಾರೆ ಕಂಡಂತೆ ನನಗೆ ಹೇಗೆ ನೆನಪಿದೆ? ತಿಳಿಯದು. ಬೇರೆಯವರು ಹೇಳಿದ್ದನ್ನೆಲ್ಲ ಪ್ರಶ್ನಿಸುವ ಚಟ ನನಗೆ ಓದುವ ಕಾಲದಿಂದ ಇದೆ. ಈಚೆಗೆ ನಾನೇ ಹೇಳಿದ್ದನ್ನೂ ಪ್ರಶ್ನಿಸುವ ಹಾಗಾಗಿದೆ. ಮುಂದೆ ಹೇಳುವುದನ್ನೂ ಓದುವವರು ಅಷ್ಟು ಅನುಮಾನ ಇಟ್ಟುಕೊಂಡೇ ಓದಲಿ.

ಅಕ್ಕ ನಮ್ಮ ಜೊತೆ ಇರುತ್ತಾಳೆ. ಬೆಳಗಾವಿಯಲ್ಲಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಎರಡೂ ಮೂತ್ರಪಿಂಡ ಕೈಕೊಟ್ಟ ಮೇಲೆ ಪುಣೆಗೆ ಬಂದಳು. ವಾರಕ್ಕೆ ಮೂರು ಸಲ ಸ್ವಾರಗೇಟಿನ ಆಚೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ. ಹಿಂದೊಮ್ಮೆ ತಪ್ಪಿದಾಗ ಮಲಗಲಾರದೆ, ಕಿಟಕಿಯ ಸರಳು ಹಿಡಿದು ಕೂತು, ಒಂದೊಂದು ಉಸಿರನ್ನೂ ಮೇಲೆಳೆದುಕೊಳ್ಳುತ್ತಿದ್ದಳು. ಮೆಟ್ಟಿಲು ಇಳಿಯುವ ಶಕ್ತಿ ಅವಳಲ್ಲಿಲ್ಲ. ಹಾಗಾಗಿ ಲಿಫ್ಟ್ ನಮಗೆ ಅನುಕೂಲದ ವಸ್ತುವಲ್ಲ, ಅವಳ ಔಷಧದಷ್ಟೇ ಬೇಕಾದದ್ದು.

ನಮ್ಮ ಸೊಸೈಟಿಯ ಚೇರ್ಮನ್ನರು ನಿಪ್ಪಾಣಿ ಕಡೆಯವರು. ಪೇಟೆಯಲ್ಲಿ ಬಟ್ಟೆ ಅಂಗಡಿ ಇದೆ. ಬೇರೆಯವರ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ. ಖಂಡೇನವಮಿಯಂದು, ಅಂದರೆ ಆಯುಧಪೂಜೆಯ ದಿನ, ಕಟ್ಟಡದ ಪಂಪು, ಜನರೇಟರ್, ಲಿಫ್ಟ್ ಎಲ್ಲಕ್ಕೂ ಅವರೇ ನಿಂತು ಪೂಜೆ ಮಾಡಿಸುತ್ತಾರೆ. ಮೊದಲೆಲ್ಲ ಲಿಫ್ಟಿನ ಬಾಗಿಲಿಗೆ ಚೆಂಡು ಹೂವಿನ ಮಾಲೆ ಕಟ್ಟಿ, ಕುಂಕುಮ ಹಚ್ಚಿ ಮುಗಿಸುತ್ತಿದ್ದರು. ಹೋದ ವರ್ಷ ಅವರಿಗೆ ತಮ್ಮ ತಂದೆಯ ಎಣ್ಣೆ ಗಾಣ ನೆನಪಾಯಿತು. ಅಲ್ಲಿ ಎಂಜಿನ್ ಬಂದ್ ಮಾಡಿ, ತೊಳೆದು, ವಿಶ್ರಾಂತಿ ಕೊಟ್ಟೇ ಪೂಜೆ ಮಾಡುತ್ತಿದ್ದರಂತೆ.

ಹಬ್ಬದ ಬೆಳಿಗ್ಗೆ ನಾನು ಕೆಳಗಿಳಿದಾಗ ಅವರು ರೇಷ್ಮೆ ಮಡಿಯುಟ್ಟು, ಪೂಜೆಯ ತಾಟು ಹಿಡಿದು ಲಿಫ್ಟಿನ ಮುಂದೆ ನಿಂತಿದ್ದರು. ವಾಚ್‌ಮನ್ ಮುಖ್ಯ ಸ್ವಿಚ್ ಆಗಲೇ ಇಳಿಸಿದ್ದ. ಪೆಟ್ಟಿಗೆಯ ದೀಪ ಮಾತ್ರ ಇನ್ನೂ ಹಸಿರಾಗಿತ್ತು. ಕರೆಂಟ್ ಹೋದರೂ ಅದು ಆರದಿರಲೆಂದು ಬೇರೆ ಬ್ಯಾಟರಿ ಇಟ್ಟಿದ್ದರು.

"ಆ ಬ್ಯಾಟರೀದೂ ತಗೀ," ಎಂದರು ಚೇರ್ಮನ್ನರು.

"ಅದನ್ನ ಬಂದ್ ಮಾಡಬ್ಯಾಡ್ರಿ," ಎಂದೆ.

"ಯಾಕ್ರಿ ಸಾಹೇಬ್ರ?"

"ಅದು ಹಾಕಿದಾಗಿಂದ ಒಮ್ಮೀನೂ ಬಂದ್ ಆಗಿಲ್ಲ. ಇಂಥಾವನ್ನ ಮುಟ್ಟಬಾರದ್ರಿ."

ಚೇರ್ಮನ್ನರು ತಾಟನ್ನು ಎಡಗೈಗೆ ದಾಟಿಸಿ ನಕ್ಕರು. "ಇದೇನ್ರಿ! ದೇವರಿಲ್ಲ ದಿಂಡರಿಲ್ಲ ಅನ್ನೋ ಮನಶಾ, ನಮಗಿಂತ ನಿಮ್ಮದ ದೊಡ್ಡ ಮಡಿ ಆತಲ್ಲ! ನಡಿಯೋ ಮನಶಾಗ ಹಾರ ಹಾಕಲಿಕ್ಕೆ ಬರ್ತದೇನು? ಒಂದ್ ಗಳಿಗಿ ನಿಲ್ಲಲಿ. ಅದಕ್ಕೂ ದಣಿವು ಇರ್ತದ."

ಸುತ್ತ ನಿಂತವರೂ ನಕ್ಕರು. ನಾನು ಹೇಳಿದ್ದು ನನ್ನ ಕಿವಿಗೂ ಮೂಢನಂಬಿಕೆಯಂತೆಯೇ ಕೇಳಿಸಿತ್ತು. ಮುಂದಾಗುವುದೆಲ್ಲ ಆಗಲೇ ನನಗೆ ಹೊಳೆದಿತ್ತು ಎಂದು ಈಗ ಅನಿಸುತ್ತದೆ. ಆಮೇಲೆ ಹುಟ್ಟಿದ ಭಯವನ್ನು ನೆನಪು ಹಿಂದಕ್ಕೆ ಒಯ್ದು ಅಲ್ಲಿ ನಿಲ್ಲಿಸಿರಲೂಬಹುದು. ವಾಚ್‌ಮನ್ ಪ್ಲಗ್ ಕಿತ್ತ. ಹಸಿರು ದೀಪ ಆರಿತು. ಚೇರ್ಮನ್ನರು ಪೆಟ್ಟಿಗೆಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಆರತಿ ಬೆಳಗಿದರು.

ಪ್ರಸಾದ ಹಂಚಿದ ಮೇಲೆ ಸ್ವಿಚ್ ಏರಿಸಿದರು. ಲಿಫ್ಟಿನ ಫ್ಯಾನು ತಿರುಗಿತು, ಒಳಗೆ ಬೆಳಕು ಬಂತು. ಪೆಟ್ಟಿಗೆಯ ದೀಪವೂ ಹೊತ್ತಿತು, ಆದರೆ ಕೆಂಪಗೆ. ಚೇರ್ಮನ್ನರು ಕಾರ್ಡ್ ಹಿಡಿದರು, ಕೆಂಪು. ನಾನು ಹಿಡಿದೆ, ಕೆಂಪು. ಒಬ್ಬೊಬ್ಬರಾಗಿ ಎಲ್ಲರೂ ಹಿಡಿದರು. ಪ್ರತಿಸಲವೂ ಅದೇ ದೀಪ, ಅದೇ ಮೌನ.

ಪೆಟ್ಟಿಗೆಯ ಪುಟ್ಟ ಪರದೆಯಲ್ಲಿದ್ದ ತಾರೀಖನ್ನು ನೋಡಿದಾಗ ನನಗೆ ಅರ್ಥವಾಯಿತು. ಅದರೊಳಗಿನ ಗಡಿಯಾರ ಹಿಂದಕ್ಕೆ, ಈ ಕಟ್ಟಡವೇ ಇಲ್ಲದ ಯಾವುದೋ ವರ್ಷಕ್ಕೆ ಹೋಗಿ ನಿಂತಿತ್ತು. ಆ ವರ್ಷದಲ್ಲಿ ನಮ್ಮ ಯಾರ ಕಾರ್ಡೂ ಹುಟ್ಟಿರಲಿಲ್ಲ. ಸರಿಯಾದ ಸಮಯವನ್ನು ಅದು ಕಂಪನಿಯ ಕಂಪ್ಯೂಟರಿನಿಂದ ಕೇಳಿ ತಿಳಿಯಬೇಕು. ಆ ಕಂಪ್ಯೂಟರ್ ಈಚೆಗೆ ತನ್ನ ಗುರುತಿನ ಮುದ್ರೆ ಬದಲಿಸಿತ್ತು, ಇದಕ್ಕೆ ಗೊತ್ತಿದ್ದುದು ಹಳೆಯ ಮುದ್ರೆ ಮಾತ್ರ. ಹೊಸದನ್ನು ಕಲಿಸುವವರು ಕಲಿಸುವುದನ್ನು ಬಿಟ್ಟಿದ್ದರು. ಆದ್ದರಿಂದ ಅದು ಯಾರನ್ನೂ ನಂಬದೆ ಕೂತಿತ್ತು.

ಕಂಪನಿಗೆ ಫೋನ್ ಮಾಡಿದೆ. ಹಬ್ಬದ ದಿನವೂ ಒಬ್ಬಳು ಹುಡುಗಿ ಎತ್ತಿದಳು. ಪೆಟ್ಟಿಗೆಯ ನಂಬರ್ ಕೇಳಿ, ಆ ವರ್ಷನ್‌ನ ಸಪೋರ್ಟ್ ಮುಗಿದು ಬಹಳ ಕಾಲವಾಯಿತು ಎಂದು ಹಿಂದಿಯಲ್ಲಿ ಹೇಳಿದಳು. ಸಾವಿನ ಮನೆಯಲ್ಲಿ ಮಾತಾಡುವ ಹಾಗೆ ಮೆತ್ತಗೆ ಹೇಳಿದಳು. ಯಾವಾಗ ಮುಗಿಯಿತು ಎಂದು ಕೇಳಿದೆ. ಅವಳು ಹೇಳಿದ ವರ್ಷದಲ್ಲಿ ಅಕ್ಕ ಇನ್ನೂ ಬೆಳಗಾವಿಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಅಂದಿನಿಂದ ನಾವೆಲ್ಲ ದಿನವೂ ಅದನ್ನು ನಂಬಿ ಹತ್ತಿಳಿದಿದ್ದೆವು.

ಅಕ್ಕನ ಸರದಿ ಮಧ್ಯಾಹ್ನಕ್ಕಿತ್ತು. ಬೇರೆ ದಾರಿ ಇರಲಿಲ್ಲ. ನಮ್ಮ ಊಟದ ಕುರ್ಚಿಗೆ ಅವಳನ್ನು ಸೀರೆಯಿಂದ ಬಿಗಿದು, ನಾಲ್ವರು ಎತ್ತಿ ಮೆಟ್ಟಿಲಿಳಿಸಿದೆವು. ಕುರ್ಚಿಯ ಮುಂದಿನ ಎರಡು ಕಾಲುಗಳಲ್ಲಿ ಒಂದನ್ನು ಚೇರ್ಮನ್ನರೇ ಹಿಡಿದಿದ್ದರು, ಮಡಿಯ ರೇಷ್ಮೆ ಬೆವರಿಗೆ ಬೆನ್ನಿಗಂಟಿತ್ತು.

"ಅಕ್ಕಾರ, ಹೆದರಬ್ಯಾಡ್ರಿ."

"ನಾ ಯಾಕ ಹೆದರಲಿ? ನೀವು ಮುಗ್ಗರಿಸಬ್ಯಾಡ್ರಿ ಅಷ್ಟ," ಎಂದಳು ಅಕ್ಕ. ಉಸಿರು ಸಾಲುತ್ತಿರಲಿಲ್ಲ, ಆದರೂ ನಾಲಿಗೆ ಸುಮ್ಮನಿರಲಿಲ್ಲ. "ಪಲ್ಲಕ್ಕಿ ಭಾಳ ಚೊಲೋ ಅದ. ಮ್ಯಾಲಿಂದ ಯಾರರೆ ಒಂದೀಟು ಅರಿಷಿಣದ ಭಂಡಾರ ತೂರ್ರಿ. ಜೇಜುರಿ ಖಂಡೋಬಾ ದೇವರ ಆಗಿಬಿಡ್ತೀನಿ."

ಯಾರೋ ನಗಲು ಹೋಗಿ ಕುರ್ಚಿ ಓರೆಯಾಯಿತು. ಆ ತಿರುವಿನಲ್ಲಿ ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿದದ್ದು ಇನ್ನೂ ನೆನಪಿದೆ. ಅದನ್ನು ಮಾತ್ರ ನಾನು ಅನುಮಾನಿಸುವುದಿಲ್ಲ, ಉಗುರಿನ ಗುರುತು ಕೆಲವು ದಿನ ಉಳಿದಿತ್ತು.

ಡಯಾಲಿಸಿಸ್ ತಡವಾಗಿ ಶುರುವಾಗಿ ಹೇಗೋ ಮುಗಿಯಿತು. ವಾಪಸ್ಸು ಬಂದಾಗ ಅವಳನ್ನು ಹೊತ್ತು ಏರಿಸುವ ಶಕ್ತಿ ನಮ್ಮಲ್ಲಿರಲಿಲ್ಲ, ಹೊರಿಸಿಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ. ಮೆಕ್ಯಾನಿಕ್ ಬರುವವರೆಗೆ ಲಿಫ್ಟಿನ ಎದುರಿಗೇ ಅದೇ ಕುರ್ಚಿಯಲ್ಲಿ ಕೂರಿಸಿದೆವು. ಹೂಮಾಲೆ ಹಾಕಿಸಿಕೊಂಡ ಬಾಗಿಲು, ಒಳಗೆ ಕುಂಕುಮದ ನಡುವೆ ಕೆಂಪು ದೀಪ, ಹೊರಗೆ ಅಕ್ಕ. ಹೋಗುವವರು ಬರುವವರು ಪೂಜೆಯಾದ ಲಿಫ್ಟಿಗೆ ಕೈ ಮುಗಿದು, ಅದೇ ಕೈಯಿಂದ ಅವಳಿಗೂ ಮುಗಿದು ಮೆಟ್ಟಿಲು ಹತ್ತುತ್ತಿದ್ದರು. ನನಗೆ ಅದನ್ನು ಸಹಿಸಲಾಗಲಿಲ್ಲ. ಅವಳನ್ನು ಪಕ್ಕಕ್ಕೆ ಸರಿಸಿದೆ.

ಸಂಜೆ ಬಂದ ಮೆಕ್ಯಾನಿಕ್ ಬೇರೊಂದು ಕಟ್ಟಡದ ಇಂಥದೇ ಪೆಟ್ಟಿಗೆಗೆ ಬಳಸಿದ್ದ ಪಾಸ್‌ವರ್ಡ್ ಹಾಕಿ ನೋಡಿದ. ಅದೃಷ್ಟಕ್ಕೆ ತೆರೆಯಿತು. ಗಡಿಯಾರವನ್ನು ಕೈಯಿಂದಲೇ ಸರಿಮಾಡಿದ. ಹಸಿರು ದೀಪ ಬಂತು. ಗಡಿಯಾರ ನಡೆಸುವ ಒಳಗಿನ ಸೆಲ್ ಯಾವತ್ತೋ ಸತ್ತಿತ್ತು. ಅದು ಬೋರ್ಡಿಗೇ ಬೆಸುಗೆಯಾಗಿದ್ದು, ಕೀಳಲು ಹೋದರೆ ಬೋರ್ಡೂ ಹೋಗಬಹುದು ಎಂದ. ಗುಂಡಿಗಳ ತಂತಿಗಳೆಲ್ಲ ಪೆಟ್ಟಿಗೆಯ ಮೂಲಕವೇ ಹಾದಿದ್ದವು, ಅದನ್ನು ಬದಿಗಿಟ್ಟು ಲಿಫ್ಟ್ ಓಡಿಸುವಂತೆಯೂ ಇರಲಿಲ್ಲ.

"ಆತಾ ಬಂದ್ ಕರೂ ನಕಾ," ಎಂದು ಮರಾಠಿಯಲ್ಲಿ ಹೇಳಿ ಚೀಲ ಎತ್ತಿಕೊಂಡ. ಇನ್ನು ಇದನ್ನು ಬಂದ್ ಮಾಡಬೇಡಿ. ಮತ್ತೆ ಬಂದ್ ಆದರೆ ತೆರೆದೀತು ಎಂಬ ಭರವಸೆ ಅವನಿಗಿರಲಿಲ್ಲ.

ದೀಪಾವಳಿಗೆ ಮುಂಚೆ ಸಭೆ ಕರೆದರು. ಆ ಸಭೆಯಲ್ಲಿ ನಾನಿದ್ದೆ, ಹೆಂಡತಿಯೂ ಒಪ್ಪುತ್ತಾಳೆ. ಹೊಸ ಪೆಟ್ಟಿಗೆ ಹಾಕಿಸಬೇಕು, ಅದಕ್ಕೆ ತಂತಿಗಳನ್ನೆಲ್ಲ ಬದಲಿಸಬೇಕು, ಅಷ್ಟು ದಿನ ಲಿಫ್ಟ್ ನಿಲ್ಲಬೇಕು. ಹೊಸದಕ್ಕೆ ಎಷ್ಟು ವರ್ಷ ಸಪೋರ್ಟ್ ಎಂದು ಬರೆದು ಕೊಡಬೇಕು ಎಂದು ನಾನು ಹಠ ಹಿಡಿದೆ. ಅಷ್ಟರಲ್ಲಿ ಚೇರ್ಮನ್ನರು ಎದ್ದು ನಿಂತರು. ಅವರ ದನಿಯಲ್ಲಿ ನಿಜವಾದ ಮಮತೆ ಇತ್ತು.

"ಲಿಫ್ಟ್ ನಿಂತರ ಅಕ್ಕಾರ ಗತಿ ಏನು? ಆವತ್ತಿನ ಪಾಡು ನನ್ನ ಕಣ್ಣಾಗ ಅದ. ಅಕ್ಕಾರು ಇರೋತನಕ ಅದನ್ನ ಯಾರೂ ಮುಟ್ಟೂದು ಬ್ಯಾಡ್ರಿ. ಆಮ್ಯಾಲ ನೋಡೂಣು."

ಆಸ್ಪತ್ರೆಯ ಹತ್ತಿರ ನೆಲಮಹಡಿಯಲ್ಲಿ ಒಂದು ಕೋಣೆ ಹಿಡಿಯುತ್ತೇನೆ, ಕೆಲಸ ನಡೆಯಲಿ ಎಂದೆ. ಕೇಳುವವರಿರಲಿಲ್ಲ. ಖರ್ಚು ಯಾರಿಗೂ ಬೇಕಿರಲಿಲ್ಲ, ಅಕ್ಕ ಒಳ್ಳೆಯ ನೆಪವಾದಳು. ಎಲ್ಲರೂ ಕೈ ಎತ್ತಿದರು. ಅಕ್ಕ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಯಾವ ಕಂಪನಿಯೂ ಬರೆದು ಕೊಡದ ಅವಧಿಯನ್ನು ನಮ್ಮ ಸೊಸೈಟಿ ಅವಳ ಎದುರಿಗೇ ಕೈ ಎತ್ತಿ ತೀರ್ಮಾನಿಸಿತು.

ಈ ವರ್ಷದ ಖಂಡೇನವಮಿಗೆ ಯಾರೂ ಸ್ವಿಚ್ ಮುಟ್ಟಲಿಲ್ಲ. ಓಡುವ ಲಿಫ್ಟಿಗೇ ಮಾಲೆ ಹಾಕಿದರು, ಹಸಿರು ದೀಪ ಉರಿಯುತ್ತಿರುವಾಗಲೇ ಆರತಿ ಎತ್ತಿದರು. ನಾನು ಅಕ್ಕನ ಆಸ್ಪತ್ರೆಯ ಚೀಲ ಹಿಡಿದು ಅವಳ ಹಿಂದೆ ಒಳಗೆ ಹೋದೆ. ಅವಳು ಪೆಟ್ಟಿಗೆಯ ಮೇಲಿನ ಕುಂಕುಮವನ್ನು ಬೆರಳ ತುದಿಯಿಂದ ಸರಿಸಿ ಕಾರ್ಡ್ ಹಿಡಿದಳು.

"ನೀ ಮೊದಲೋ ನಾ ಮೊದಲೋ?" ಎಂದಳು ಅದಕ್ಕೆ. ಈಗ ಲಿಫ್ಟ್ ಹತ್ತಿದಾಗಲೆಲ್ಲ ಹಾಗೆ ಕೇಳುತ್ತಾಳೆ. ಜೊತೆಗಿದ್ದ ನೆರೆಯವರು ನಕ್ಕರು.

ಪೀಂ ಎನ್ನುವ ಮೊದಲು ಅದು ಸ್ವಲ್ಪ ತಡೆಯಿತು. ತಡೆಯಿತೋ, ತಡೆಯಿತೆಂದು ನನಗೆ ಅನಿಸಿತೋ. ಬಾಗಿಲು ಮುಚ್ಚಿ ಲಿಫ್ಟ್ ಇಳಿಯತೊಡಗಿತು. ನನ್ನ ಮನಸ್ಸಿನ ಆಟ ಇರಬೇಕು ಎಂದುಕೊಳ್ಳುತ್ತಿದ್ದಾಗ ಅಕ್ಕ ನನ್ನ ಕಡೆ ನೋಡದೆ, ಪಕ್ಕದವರಿಗೆ ಕೇಳದಷ್ಟು ಸಣ್ಣಗೆ ಕೇಳಿದಳು:

"ತಮ್ಮಾ, ನಿನಗೂ ತಡಾ ಆದಂಗ ಅನಿಸ್ತೇನು?"